ಗದ್ದಲ ತೆಗೆದ ಹಾಡುಗಳು

ಮಾರ್ಚ್ 3, ಸೋಮವಾರ. ಸಂಜೆ 5

ಕಿಟಕಿ ಹಾಕಿದೆ. ಎರಡು ಕಂಬಳಿ ಬೀರುವಿನ ಬಾಗಿಲಿಗೆ ಇಳಿಬಿಟ್ಟೆ. ಮೂರನೆಯದು ನನ್ನ ಹೆಗಲ ಮೇಲೆ — ಈ ಸ್ಟುಡಿಯೋಗೆ ನಾನೂ ಒಂದು ಗೋಡೆಯೇ. ಸ್ಟೂಲಿನ ಮೇಲೆ ಟ್ಯಾಬ್. ಅಕ್ಕನ ಮಗಳು ಗುಬ್ಬಿ ಬೀರುವಿನೊಳಗೆ, ಸೀರೆಗಳ ನಡುವೆ ತಲೆ ತೂರಿಸಿ ನಿಂತಳು. ನಾಲ್ಕನೇ ಹಾಡು, ಎರಡನೇ ಟೇಕು.

ಮೊದಲು ನನ್ನ ಕೆಲಸ. "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ, ತ್ರೀ." ಅದಾಗದೆ ಈ ಮನೆಯಲ್ಲಿ ರೆಕಾರ್ಡು ಶುರುವಾಗಕೂಡದು. ನಲವತ್ತೊಂದು ವರ್ಷ ಮೈಕ್‌ಸೆಟ್ ನಡೆಸಿದವನು. ಮಂತ್ರಿಗಳೂ ಮದುಮಕ್ಕಳೂ ನನ್ನ ಹಲೋ ಆದ ಮೇಲೇ ಬಾಯಿ ತೆರೆದದ್ದು. ಹಲೋ ಸರಿ ಬಂತೋ, ಸಭೆ ಪೂರ್ತಿ ಸರಿ. ಆಮೇಲೆ ಕಿವಿಗೊಡುವ ಅಗತ್ಯವೇ ಇಲ್ಲ. ಪರದೆಯ ಹಿಂದೆ ಹೋಗಿ ಒಂದು ನಿದ್ದೆ ತೆಗೆಯಬಹುದು. ಹಾಗೇ ಮಾಡಿಕೊಂಡು ಬಂದೆ. ಒಂದು ದಿನವೂ ಹೆಸರು ಕೆಡಲಿಲ್ಲ.

ಗುಬ್ಬಿ ಶುರು ಮಾಡಿದಳು. ನಲವತ್ತೆರಡು ಕೆಜಿ ತೂಕದ ಹುಡುಗಿ. ಬಾಯಿ ತೆರೆದರೆ ಹುಲಿ ಬಾವಿಗೆ ಬಿದ್ದ ಹಾಗೆ. ಹೆವಿ ಮೆಟಲ್ ಅಂತೆ, ಗರ್ಜಿಸಿಯೇ ಹಾಡುವ ಸಂಗೀತ! ಅಕ್ಕನ ಹೊಟ್ಟೆಯಲ್ಲಿ ಇಂಥದೊಂದು ಹೇಗೆ ಹುಟ್ಟಿತೋ. ಅಕ್ಕ ಗಂಡನನ್ನು ಬೈಯುವಾಗಲೂ ಪಿಸುಗುಟ್ಟುತ್ತಿದ್ದವಳು.

ಎರಡೇ ನಿಮಿಷ ಹಾಡಿದ್ದು. ಗಂಟಲು ಹಿಡಿದುಕೊಂಡು ಕೂತುಬಿಟ್ಟಳು. ಬಿಸಿನೀರು ಕೊಟ್ಟೆ. ನಗಿಸೋಣವೆಂದು ಅವಳ ಇಯರ್‌ಫೋನು ಎತ್ತಿ ಜೇಬಿಗೆ ಹಾಕಿಕೊಂಡೆ. ಮೂರು ವರ್ಷದವಳಿದ್ದಾಗಿನಿಂದ ನಮ್ಮಿಬ್ಬರ ಆಟ ಇದು — ನಾನು ಬಚ್ಚಿಡುವುದು, ಅವಳು ಅಂಗೈ ಚಾಚಿ ಎಣಿಸುವುದು. ಮೂರು ಅನ್ನುವಷ್ಟರಲ್ಲಿ ಕೊಡಬೇಕು. ಚಪ್ಪಲಿ, ಲೆಕ್ಕದ ಪುಸ್ತಕ, ಒಮ್ಮೆ ಅವಳ ಇಂಟರ್‌ವ್ಯೂ ಕಾಗದ... ಏನೇ ಇರಲಿ, ಮೂರಕ್ಕೆ ಕೊಟ್ಟಿದ್ದೇನೆ. ಅದೊಂದು ನಿಯತ್ತು ಉಂಟು ನನಗೆ.

"ಕೊಡು ಮಾವ, ಆಟ ಸಾಕು. ಒಂದು... ಎರಡು..."

ಕೊಟ್ಟೆ.

ಹನ್ನೆರಡನೇ ತಾರೀಕು ಆಪರೇಷನ್. ಗಂಟಲಿನ ತಂತಿಯಲ್ಲಿ ಗಂಟು. ಡಾಕ್ಟರು ಮೊದಲೇ ಹೇಳಿದ್ದಾರೆ — ಮಾತು ಬರುತ್ತದೆ, ಈ ಗರ್ಜನೆ ಇನ್ನು ಬರುವುದು ಅನುಮಾನ. ಐದು ಹಾಡಿಗೂ ಗಿಟಾರು, ಡ್ರಮ್ಮು ಎಲ್ಲ ಮುಗಿದಿದೆ. ಇವಳ ದನಿ ಮಾತ್ರ ಬಾಕಿ. ಉಳಿದಿರುವುದು ಒಂಬತ್ತು ದಿನ. ದಿನಕ್ಕೆ ಎರಡು ನಿಮಿಷದ ಗಂಟಲು.

ಮಾರ್ಚ್ 5, ಬುಧವಾರ

ಮೇಲಿನ ಮನೆಯ ಮೇಷ್ಟ್ರು ಇಳಿದು ಬಂದರು. ರಿಟೈರ್ ಆದವರು, ಮೃದು ಮನುಷ್ಯ.

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಇಲ್ಲ ಸಾರ್, ಗ್ರೈಂಡರು ರಿಪೇರಿ."

"ನಿಮ್ಮ ಗ್ರೈಂಡರು 'ದಯವಿಟ್ಟು ಕಾಯಿರಿ' ಅಂತಿತ್ತು."

"ಹೊಸ ಮಾಡೆಲ್ಲು ಸಾರ್. ಮಾತಾಡುತ್ತೆ."

ಬೀರುವಿನೊಳಗಿಂದ ಗುಬ್ಬಿ ನಕ್ಕ ಸದ್ದು. ಅದು ಮೇಷ್ಟ್ರಿಗೆ ಕೇಳಿಸದಿರಲೆಂದು ಕೆಮ್ಮಿದೆ.

ಹಾಡಿನ ಮಾತು ಅವಳೇ ಕಟ್ಟಿದ್ದು. ಏಳು ವರ್ಷದಿಂದ ಆಫೀಸಿನಲ್ಲಿ ಕೂತು ಫೋನಿನಲ್ಲಿ ಜನರ ದೂರು ಕೇಳುತ್ತಾಳೆ. ಬೈದರೂ "ಸಾರಿ ಸರ್", ಉಗಿದರೂ "ಸಾರಿ ಸರ್". ಅದೇ ಮಾತನ್ನು ಮನೆಗೆ ತಂದು ಬೀರುವಿನೊಳಗೆ ಗರ್ಜಿಸುವುದು. 'ನಿಮ್ಮ ಕರೆ ನಮಗೆ ಮುಖ್ಯ' ಎಂಬುದನ್ನು ಅವಳು ಗರ್ಜಿಸಿದರೆ, ಕೇಳಿದವನು ಜನ್ಮದಲ್ಲಿ ಮತ್ತೆ ಕರೆ ಮಾಡುವುದಿಲ್ಲ.

ಟ್ಯಾಬಿನ ಒಳಗೆ ಏನೆಲ್ಲ ಇದೆ! ನಾನು ಲಾರಿಯಲ್ಲಿ ಹೊತ್ತ ಸಾಮಾನೆಲ್ಲ ಊಟದ ತಟ್ಟೆಯಷ್ಟಿಲ್ಲದ ಗಾಜಿನಲ್ಲಿ. ಎರಡು ಬೆರಳಲ್ಲಿ ಡ್ರಮ್ಮು ಬಡಿಯುತ್ತಾಳೆ. ಗಾಜು ಸವರಿದರೆ ಗಿಟಾರು. ಬೆರಗಿನ ಸಂಗತಿ ಒಂದುಂಟು: ದನಿ ಒಡೆದು ಕರ್ಕಶವಾಗಲಿ ಅಂತಲೇ ಒಂದು ಗುಂಡಿ! ನಲವತ್ತೊಂದು ವರ್ಷ ಗೊರಗೊರ, ಕುಂಯ್, ಕಿರ್ರ್ ಇವುಗಳನ್ನು ಹುಡುಕಿ ಹುಡುಕಿ ಕೊಂದವನು ನಾನು. ಇಲ್ಲಿ ಅವನ್ನು ಗುಂಡಿ ಒತ್ತಿ ಕರೆಯುತ್ತಾರೆ.

"ಇದು ಕೊಳಕು ಕಣೇ ಗುಬ್ಬಿ."

"ಕೊಳಕೇ ಬೇಕು ಮಾವ. ಕ್ಲೀನ್ ಬೇಕಾದ್ರೆ ಆಫೀಸಲ್ಲಿ ಇದೆ."

ಅರ್ಥವಾಯಿತು ಎಂದು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಮುಗಿಯಿತು. ಐದು ಹಾಡು, ಹತ್ತೊಂಬತ್ತು ಟೇಕು. ಕೊನೆಯ ಹಾಡಿನ ಕೊನೆಗೆ ಒಂದು ಉದ್ದನೆಯ ಗರ್ಜನೆ. ಗೋಡೆ ಗಡಿಯಾರ ನೋಡಿದೆ, ಹದಿನಾಲ್ಕು ಸೆಕೆಂಡು. ನಿಂತ ಮೇಲೂ ಬೀರುವಿನ ಕನ್ನಡಿ ನಡುಗುತ್ತಿತ್ತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಬೈಯಲಿಲ್ಲ.

ಗುಬ್ಬಿ ಸೀರೆಯ ಸಾಲಿನಿಂದ ತಲೆ ಈಚೆಗೆ ತೆಗೆದಳು. ಕಣ್ಣು ಕೆಂಪು. ಗಂಟಲಿನಿಂದ ಗಾಳಿಯಷ್ಟೇ ಬರುತ್ತಿತ್ತು.

"ಇದು ಇಷ್ಟೇ ಮಾವ. ಇನ್ನೊಂದು ಸಲ ಅಂದ್ರೆ ಆಗಲ್ಲ."

ಟ್ಯಾಬ್ ನನ್ನ ಕೈಗೆ ಕೊಟ್ಟಳು. ಆಪರೇಷನ್ ಆಗಿ ಎದ್ದ ಮೇಲೆ ತಾನೇ ಎಲ್ಲ ಜೋಡಿಸಿ ಹೊರಗೆ ಬಿಡುತ್ತಾಳಂತೆ. "ಚಾರ್ಜ್ ಮಾತ್ರ ಹಾಕು. ಬೇರೇನೂ ಮುಟ್ಟಬೇಡ."

"ನೀನು ಹುಟ್ಟೋಕ್ಕಿಂತ ಮುಂಚೆ ನಾನು ಹತ್ತು ಸಾವಿರ ಜನಕ್ಕೆ—"

"ಗೊತ್ತು ಮಾವ. ಚಾರ್ಜ್ ಮಾತ್ರ."

ಆದರೆ ನನ್ನ ಕಿವಿ ಸುಮ್ಮನಿರಬೇಕಲ್ಲ. ಆ ಟೇಕುಗಳಲ್ಲಿ ಫ್ಯಾನಿನ ಸದ್ದು ಇದೆ. ಎರಡನೇ ಹಾಡಿನಲ್ಲಿ ಕುಕ್ಕರ್ ಸೀಟಿ. ನಾಲ್ಕನೆಯದರಲ್ಲಿ ಮೇಷ್ಟ್ರು ಕುರ್ಚಿ ಎಳೆದದ್ದು. ನನ್ನ ಕೈಕೆಳಗೆ ಇಂಥದು ಹೊರಗೆ ಹೋದರೆ ಮೈಕ್‌ಸೆಟ್ಟಿನವನ ಮಾನ ಏನಾಗಬೇಕು?

ಮಾರ್ಚ್ 12, ಬುಧವಾರ

ಆಸ್ಪತ್ರೆ. ಬೆಂಚು ಗಟ್ಟಿ. ಅಕ್ಕ ನನ್ನ ತೋಳು ಹಿಡಿದು ಕೂತವಳು ಬಿಡಲೇ ಇಲ್ಲ, ಉಗುರು ನಾಟಿ ಗುರುತಾಗಿದೆ.

ಡಾಕ್ಟರು ಬಂದರು. ಎಲ್ಲ ಸರಾಗವಾಯಿತು. ಮೂರು ವಾರ ಮಾತಿಲ್ಲ. "ಪಿಸುಮಾತೂ ಬೇಡ. ಪಿಸುಮಾತು ಇನ್ನೂ ಕೆಟ್ಟದ್ದು." ಅಕ್ಕ ಅಲ್ಲಿಂದೀಚೆಗೆ ಗಟ್ಟಿಯಾಗಿ ಮಾತಾಡುತ್ತಿದ್ದಾಳೆ, ಮಗಳ ಪಾಲಿನದನ್ನೂ ಸೇರಿಸಿ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 11

ಗುಬ್ಬಿ ಮನೆಗೆ ಬಂದಳು. ಕೈಯಲ್ಲಿ ಸ್ಲೇಟು. ಮೊದಲು ಬರೆದದ್ದು — 'ಐಸ್‌ಕ್ರೀಮ್'. ಎರಡನೆಯದು — 'ಚಾರ್ಜ್?' ನೂರಕ್ಕೆ ನೂರು ಎಂದೆ. ಹೆಬ್ಬೆಟ್ಟು ಎತ್ತಿ ಮಲಗಿದಳು.

ಮಧ್ಯಾಹ್ನ 3

ಎದ್ದ ಮೇಲೆ ನೋಡಲಿ ಅವಳು! ಹೇಳದೆ ಮಾಡಿ ಮುಗಿಸಿದ್ದೇನೆ.

ಟ್ಯಾಬಿನಲ್ಲಿ ಕೆದಕುತ್ತಾ ಹೋದೆ. ಒಂದು ಪೊರಕೆಯ ಚಿತ್ರ. ಒತ್ತಿದೆ — ಗದ್ದಲ ತೆಗೆಯುವ ಗುಂಡಿ! ಇದಕ್ಕಾಗಿ ನಲವತ್ತೊಂದು ವರ್ಷ ಕಾದೆನಲ್ಲ. ಮೊದಲನೇ ಟೇಕಿಗೆ ಹಾಕಿ ನನ್ನ ಪದ್ಧತಿಯಂತೆ ಹಲೋ ಕೇಳಿದೆ. ನನ್ನ ಒನ್ ಟೂ ತ್ರೀ. ಅದರ ಹಿಂದೆ ಗುಬ್ಬಿ: "ಮಾವ, ಫ್ಯಾನ್ ಆಫ್ ಮಾಡು. ಹೂಂ, ಶುರು." ಆಹಾ! ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದ ಹಾಗೆ. ಫ್ಯಾನು ಮಾಯ.

ಅಷ್ಟು ಸಾಕು. ನಿಲ್ಲಿಸಿದೆ. ಎಲ್ಲಕ್ಕೂ ಹಾಕು ಎಂದೆ, ಹತ್ತೊಂಬತ್ತಕ್ಕೂ. ಜಾಗ ಸಾಲದು ಅಂತ ಏನೋ ಇಂಗ್ಲಿಷಿನಲ್ಲಿ ಕೇಳಿತು. ನನ್ನದು ಏಳನೇ ಕ್ಲಾಸಿನ ಇಂಗ್ಲಿಷು: ಯೆಸ್ ಅಂದರೆ ಹೂಂ, ನೋ ಅಂದರೆ ಊಹೂಂ. ಇಷ್ಟು ವರ್ಷ ಅಷ್ಟರಲ್ಲೇ ಜೀವನ ನಡೆದಿದೆ. ಹೂಂ ಒತ್ತಿದೆ.

ನಾಳೆ ಕೇಳಿಸುತ್ತೇನೆ. ಏನು ಬರೆಯುತ್ತಾಳೋ ಸ್ಲೇಟಿನ ಮೇಲೆ. 'ಮಾವ ಅಂದ್ರೆ ಮಾವ' ಅಂತ ಬರೆಯದಿದ್ದರೆ ಹೆಸರು ಬದಲಾಯಿಸಿಕೊಳ್ಳುತ್ತೇನೆ.

ಮಾರ್ಚ್ 15, ಶನಿವಾರ. ಬೆಳಿಗ್ಗೆ 10

ಪೂರ್ತಿ ಕೇಳಿದೆ.

ಮಧ್ಯಾಹ್ನ

ಮತ್ತೆ ಕೇಳಿದೆ. ಹತ್ತೊಂಬತ್ತೂ.

"ಹೂಂ, ಶುರು" ಅನ್ನುವವರೆಗೆ ಅವಳು ಇದ್ದಾಳೆ. ಆಮೇಲೆ ಇಲ್ಲ. ಕೊಳವೆಯಲ್ಲಿ ನೀರು ಇಳಿದು ಹೋಗುವ ಹಾಗೆ ಒಂದು ಗುಳುಗುಳು... ನಡುವೆ ಒಂದೊಂದು ಅಕ್ಷರ ತೇಲುತ್ತದೆ, ಮುಳುಗುತ್ತದೆ. ಆ ಹದಿನಾಲ್ಕು ಸೆಕೆಂಡು — ಬರೀ ಮೌನ. ಅಷ್ಟು ಶುದ್ಧವಾದ ಮೌನವನ್ನು ನಾನು ಯಾವ ಸಭೆಯಲ್ಲೂ ಮಾಡಿ ಕೊಟ್ಟಿರಲಿಲ್ಲ.

ಮಾತು ಉಳಿಸಿಕೊಂಡಿದೆ. ಗದ್ದಲ ತೆಗೆದಿದೆ. ಗುಂಡಿ ಹೇಳಿದ ಮಾತಿಗೆ ತಪ್ಪಲಿಲ್ಲ.

ಹಿಂದಿನದು ಎಲ್ಲಿ? ಹಿಂದಿನದು ಇಲ್ಲ. ಅದರ ಮೇಲೇ ಇದನ್ನು ಬರೆದುಕೊಂಡಿದೆ. ಹೂಂ ಅಂದದ್ದು ನಾನೇ.

ಮಾರ್ಚ್ 17, ಸೋಮವಾರ

ಔಷಧಿ ತರುತ್ತೇನೆಂದು ಹೇಳಿ ಟ್ಯಾಬನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಹೆಂಗಸು ಜಾಣೆ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಕೆಲಸ ಮಾಡುತ್ತಾಳೆ. ಅರ್ಧ ಗಂಟೆ ನೋಡಿದಳು.

"ಬೇರೆ ಕಡೆ ಕಾಪಿ ಇಟ್ಟಿದ್ರಾ ಅಂಕಲ್?"

"ಇಟ್ಟಿರಬಹುದಾ?"

"ನನ್ನ ಕೇಳ್ತೀರಲ್ಲ! ಇಲ್ಲ. ಎಲ್ಲೂ ಇಲ್ಲ. ಗೋಡೆಗೆ ಹೊಸ ಬಣ್ಣ ಬಳಿದ್ರೆ ಕೆರೆದು ಹಳೇದು ನೋಡಬಹುದು. ಇದು ಗೋಡೆ ಕೆಡವಿ ಹೊಸದು ಕಟ್ಟಿದ ಹಾಗೆ."

ಇಯರ್‌ಫೋನು ಹಾಕಿಕೊಂಡು ಒಂದನ್ನು ಕೇಳಿದಳು. ಹತ್ತು ಸೆಕೆಂಡು.

"ಚೆನ್ನಾಗೇ ಇದೆಯಲ್ಲ ಅಂಕಲ್, ಎಷ್ಟು ಕ್ಲಿಯರ್ ಆಗಿದೆ! ಯಾರು, ಮಗಳಾ?"

ಮುಂದಕ್ಕೆ ಕೇಳು ಎನ್ನಲಿಲ್ಲ. ವಾಪಸು ಇಸಿದುಕೊಂಡು ಬಂದೆ.

ಶಾಲೆಯಲ್ಲಿ ಕಾಪಿ ಬರೆಸುತ್ತಿದ್ದರು — ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಂಡಿ ಒತ್ತಿದರೆ ಹೋಯಿತು ಅಂತ ಯಾರೂ ಬರೆಸಲಿಲ್ಲ.

ಔಷಧಿ ತರುವುದು ಮರೆತಿತ್ತು. ಮತ್ತೆ ಹೋದೆ.

ಮಾರ್ಚ್ 19, ಬುಧವಾರ

ಸ್ಲೇಟು: 'ಟ್ಯಾಬ್ ಕೊಡು. ಸುಮ್ನೆ ಕೇಳ್ತೀನಿ.'

ಚಾರ್ಜರು ಕೆಟ್ಟಿದೆ ಎಂದೆ. ನೂರಕ್ಕೆ ನೂರು ಅಂದದ್ದು ಯಾರು ಎಂದು ಬರೆದಳು. ಆಮೇಲೆ ಕೆಟ್ಟಿತು ಎಂದೆ. ನನ್ನ ಸುಳ್ಳುಗಳು ಮೊದಲೆಲ್ಲ ಎಷ್ಟು ಚೆನ್ನಾಗಿರುತ್ತಿದ್ದವು... ಮಾತಾಡುವ ಗ್ರೈಂಡರಿನಂಥವು.

ಊಟಕ್ಕೆ ಕೂತಾಗ ಅಕ್ಕ ನನ್ನನ್ನೇ ನೋಡಿದಳು. "ಏನೋ, ಮೈಕ್ ಮುಟ್ಟಿ ಕರೆಂಟ್ ಹೊಡೆದವನ ಹಾಗೆ ಕೂತಿದ್ದೀಯ. ಏನು ಕಿತಾಪತಿ ಮಾಡಿದ್ದೀಯ?"

"ನಾನಾ? ನಾನೇನು ಮಾಡಲಿ."

"ಅದೇ ಕೇಳಿದ್ದು."

ಗುಬ್ಬಿ ಸ್ಲೇಟಿನ ಮೇಲೆ ಒಂದು ಮಂಗನ ಮುಖ ಬರೆದು ನನ್ನ ಕಡೆ ತಿರುಗಿಸಿದಳು. ನಕ್ಕೆ. ನಗಲೇಬೇಕಾಯಿತು.

ಮಾರ್ಚ್ 23, ಭಾನುವಾರ

ಒಂದು ಉಪಾಯ.

ಗರ್ಜನೆಯೇ ತಾನೆ? ಗಂಟಲಿನ ಕೆಲಸ. ಗಂಟಲು ನನಗೂ ಇದೆ. ಗಿಟಾರು ಡ್ರಮ್ಮು ಟ್ಯಾಬಿನಲ್ಲಿ ಹಾಗೇ ಉಳಿದಿವೆ, ನಾನು ಒರೆಸಿದ್ದು ದನಿ ಮಾತ್ರ. ಅವಳ ಮಾತುಗಳು ನನಗೆ ಬಾಯಿಪಾಠ. ನಾನೇ ಹಾಡಿಬಿಟ್ಟರೆ? ಆ ಕರ್ಕಶದಲ್ಲಿ ಯಾರು ಯಾರೆಂದು ಯಾರಿಗೆ ತಿಳಿಯುತ್ತದೆ?

ಅಕ್ಕ ಅವಳನ್ನು ಕರೆದುಕೊಂಡು ಪಾರ್ಕಿಗೆ ಹೋದಾಗ ಬೀರುವಿನೊಳಗೆ ತಲೆ ಹಾಕಿದೆ. ಕಂಬಳಿ ಇಳಿಬಿಟ್ಟೆ. ಹಲೋ ಹೇಳಲಿಲ್ಲ. ಬಾಯಿ ಬರಲಿಲ್ಲ. ಸೀದಾ 'ನಿಮ್ಮ ಕರೆ' ಎಂದು ಗರ್ಜಿಸಿದೆ.

ಕೇಳಿದೆ. ಬಿಕ್ಕಳಿಕೆ ಬಂದ ಕೋಣ.

ಮತ್ತೆ. ಮತ್ತೆ. ಎಂಟು ಸಲ, ಹಿಂದಿನದನ್ನು ಅಳಿಸುತ್ತಾ.

ಬಾಗಿಲು ತಟ್ಟಿದ ಸದ್ದು. ಮೇಷ್ಟ್ರು.

"ಗ್ರೈಂಡರು ಮತ್ತೆ ಕೆಟ್ಟಿತಾ?"

ಉತ್ತರ ಕೊಡೋಣವೆಂದರೆ ದನಿಯೇ ಹೊರಡಲಿಲ್ಲ. ತಲೆಯಾಡಿಸಿದೆ. "ಹೊಸದು ತಗೊಳ್ಳಿ" ಎಂದು ಮೆಲ್ಲಗೆ ಹೇಳಿ ಮೆಟ್ಟಿಲು ಹತ್ತಿದರು.

ಮಾರ್ಚ್ 24, ಸೋಮವಾರ

ದನಿ ಪೂರ್ತಿ ಕೂತುಹೋಗಿದೆ. ಅಕ್ಕ ತಲೆ ಚಚ್ಚಿಕೊಂಡಳು. "ಒಂದು ಮನೇಲಿ ಇಬ್ಬರು ಮೂಗರು. ನಾನು ಗೋಡೆ ಜೊತೆ ಮಾತಾಡ್ಲಾ?"

ಗುಬ್ಬಿ ಸ್ಲೇಟಿನ ಅರ್ಧ ಒರೆಸಿ, ಆ ಅರ್ಧ ನನಗೆ ಬಿಟ್ಟುಕೊಟ್ಟಳು. ಬಳಪ ಮುರಿದು ಒಂದು ತುಂಡು ಕೈಗಿಟ್ಟಳು. ಅವಳ ಕಡೆ: 'ಏನಾಯ್ತು?' ನನ್ನ ಕಡೆ ಬರೆಯಬಹುದಿತ್ತು. ಅವಳು ಕಾದಳು. ಮೂರೇ ಮೂರು ಪದ ಸಾಕಿತ್ತು — ನಾನು ಅಳಿಸಿಬಿಟ್ಟೆ, ಗುಬ್ಬಿ.

'ಶೀತ' ಎಂದು ಬರೆದೆ.

ಏಪ್ರಿಲ್ 2, ಬುಧವಾರ. ಮಧ್ಯಾಹ್ನ 12

ಮೂರು ವಾರ ಮುಗಿಯಿತು. ಗಂಟಲಿನ ಡಾಕ್ಟರ ಬಳಿ ಹೋಗಿದ್ದೆವು. ಕೊಳವೆ ಇಳಿಸಿ ನೋಡಿದರು. "'ಈ' ಅನ್ನಮ್ಮ" ಎಂದರು. ಗುಬ್ಬಿ ಅಂದಳು. ಸೂಜಿಯಷ್ಟು ಸಣ್ಣ ದನಿ, ಅದೂ ನಡುವೆ ಎರಡು ಕಡೆ ತುಂಡಾಯಿತು. ಅಕ್ಕ ಅತ್ತಳು. ಡಾಕ್ಟರಿಗೆ ಖುಷಿ. "ತುಂಬಾ ಚೆನ್ನಾಗಿ ವಾಸಿಯಾಗಿದೆ. ದಿನಕ್ಕೆ ನಾಲ್ಕು ಮಾತಿಂದ ಶುರು ಮಾಡಿ. ಆರು ತಿಂಗಳಿಗೆ ಆಫೀಸಿನ ಕೆಲಸಕ್ಕೆ ಸಾಕಾಗುವಷ್ಟು ಬರುತ್ತೆ."

ಗುಬ್ಬಿ ಸ್ಲೇಟಿನ ಮೇಲೆ ಬರೆದು ತೋರಿಸಿದಳು: 'ಹಾಡು?'

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಆ ಥರದ್ದು ಇನ್ನು ಆಗಲ್ಲ. ಅದನ್ನ ಮರೆತುಬಿಡಿ."

ಅವಳು ಎದೆಗುಂದಲಿಲ್ಲ. ಒರೆಸಿ ಬರೆದಳು: 'ಪರವಾಗಿಲ್ಲ. ಮೊದಲೇ ಹಾಡಿ ಇಟ್ಟಿದ್ದೀನಿ.' ಡಾಕ್ಟರಿಗೆ ತೋರಿಸಿ, ಅಕ್ಕನಿಗೆ ತೋರಿಸಿ, ಕೊನೆಗೆ ನನಗೆ ತೋರಿಸಿ ಕಣ್ಣು ಹೊಡೆದಳು.

ನನ್ನ ನೋಡಿ ಡಾಕ್ಟರು, "ನಿಮ್ಮ ದನಿಗೇನಾಯ್ತು?" ಎಂದರು. ಶೀತ ಎಂದೆ. ಬಾಯಿ ತೆರೆಸಿ ದೀಪ ಬಿಟ್ಟು ನೋಡಿದರು. "ಇದು ಶೀತ ಅಲ್ಲ. ಕಿರುಚಿದ್ದೀರಿ." ಗುಬ್ಬಿಯ ಹುಬ್ಬು ಮೇಲೆ ಹೋಯಿತು.

ಸಂಜೆ 4

ನಾನು ಕಾಫಿ ಕುಡಿಯುತ್ತಿದ್ದಾಗ ಅವಳೇ ನನ್ನ ಪೆಟ್ಟಿಗೆ ತೆರೆದು, ಪಂಚೆಗಳ ಅಡಿಯಿಂದ ಟ್ಯಾಬ್ ಎಳೆದುಕೊಂಡಿದ್ದಾಳೆ. ನೋಡಿದಾಗ ಇಯರ್‌ಫೋನು ಕಿವಿಯಲ್ಲಿತ್ತು. ಎದುರಿನ ಕುರ್ಚಿಯಲ್ಲಿ ಕೂತೆ.

ಮೊದಲ ಟೇಕು. ನಕ್ಕಳು — ನನ್ನ ಹಲೋ ಬಂದಿರಬೇಕು. ಆಮೇಲೆ ಹುಬ್ಬು ಗಂಟಿಕ್ಕಿತು. ಮುಂದಕ್ಕೆ ಸರಿಸಿದಳು. ಎರಡನೆಯದು. ಮೂರನೆಯದು. ಪ್ರತಿಯೊಂದರ ಶುರುವಿಗೂ ಮುಖ ಅರಳುವುದು, ಹತ್ತು ಸೆಕೆಂಡಿಗೆ ಬಾಡುವುದು. ಹತ್ತೊಂಬತ್ತು ಸಲ ನೋಡಿದೆ. ಇಪ್ಪತ್ತನೆಯದು ನನ್ನದು. ಆ ಕೋಣ.

ಭುಜ ಕುಲುಕಲು ಶುರುವಾಯಿತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅಳುತ್ತಿದ್ದಾಳೆಂದು ನಾನು ಎದ್ದೆ. ಅಲ್ಲ... ನಗು. ಕಣ್ಣಲ್ಲಿ ನೀರು ಬರುವಷ್ಟು ನಗು. ಸದ್ದಿಲ್ಲ.

ಇಯರ್‌ಫೋನು ತೆಗೆದಳು. ನನ್ನತ್ತ ಬೆರಳು ತೋರಿಸಿ ಗಂಟಲು ಮುಟ್ಟಿಕೊಂಡಳು — ಇದಕ್ಕಾ ದನಿ ಹೋಗಿದ್ದು? ಹೂಂ ಎಂದು ತಲೆಯಾಡಿಸಿದೆ. ಮತ್ತೆ ನಕ್ಕಳು. ಮೂರು ವಾರದಿಂದ ಇಷ್ಟು ಸಂತೋಷ ನೋಡಿರಲಿಲ್ಲ ಆ ಮುಖದಲ್ಲಿ.

ಆಮೇಲೆ ಅಂಗೈ ಚಾಚಿದಳು.

ದಿನಕ್ಕೆ ನಾಲ್ಕು ಮಾತು. ಬೆಳಿಗ್ಗೆಯಿಂದ ಒಂದನ್ನೂ ಖರ್ಚು ಮಾಡಿರಲಿಲ್ಲ, ಅಕ್ಕ ಕೇಳಿಕೊಂಡರೂ. ಆ ಸೂಜಿಯಂಥ ದನಿಯಲ್ಲಿ ನಾಲ್ಕನ್ನೂ ನನಗೆ ಕೊಟ್ಟಳು.

"ಕೊಡು ಮಾವ. ಆಟ ಸಾಕು."

ನನ್ನದು ಕಿತಾಪತಿ ಎಂದುಕೊಂಡಿದ್ದಾಳೆ. ನಿಜವಾದದ್ದನ್ನು ಎಲ್ಲೋ ಬಚ್ಚಿಟ್ಟು, ಇದನ್ನು ಎದುರಿಗೆ ಇಟ್ಟಿದ್ದೇನೆ ಎಂದುಕೊಂಡಿದ್ದಾಳೆ. ಚಪ್ಪಲಿಯ ಹಾಗೆ. ಇಂಟರ್‌ವ್ಯೂ ಕಾಗದದ ಹಾಗೆ.

ಒಂದು ಬೆರಳು ಎತ್ತಿದಳು.

ತರ್ತೀನಿ ಎಂದು ಸನ್ನೆ ಮಾಡಿದೆ. ಯಾಕೆ ಮಾಡಿದೆನೋ. ಕೋಣೆಗೆ ಬಂದು ಚಿಲಕ ಹಾಕಿಕೊಂಡೆ. ಕೈಗೆ ಏನಾದರೂ ಬೇಕಿತ್ತು, ಈ ಪುಸ್ತಕ ಸಿಕ್ಕಿತು. ಪೆಟ್ಟಿಗೆ ತೆರೆದೇ ಇದೆ. ಪಂಚೆಗಳು ನೆಲದ ಮೇಲೆ. ಹುಡುಕುವವನ ಹಾಗೆ ಒಂದೊಂದನ್ನೂ ಕೊಡವಿದೆ... ಹುಚ್ಚು. ಏನು ಸಿಕ್ಕೀತು ಅಂತ?

ಹೊರಗೆ ಅವಳ ಚಪ್ಪಲಿ ಸದ್ದು. ಬಾಗಿಲ ಹತ್ತಿರ ನಿಂತಿದ್ದಾಳೆ. ಮಾತು ಮುಗಿದಿದೆಯಲ್ಲ, ಬೆರಳಿನಲ್ಲಿ ತಟ್ಟುತ್ತಿದ್ದಾಳೆ. ಮೆಲ್ಲಗೆ, ನಗುತ್ತಾ ತಟ್ಟಿದ ಹಾಗೆ.

ಒಂದು.

ಎರಡು.